ಅರಿಶಿನದ ಬಟ್ಟೆ, ಕೆಗ್ ತೊಳೆಯುವ ಯಂತ್ರ

ನಮ್ಮ ಸ್ಟೋರ್ಸ್ ಕೋಣೆಯ ಮೇಜಿಗೆ ಮೂರು ಡ್ರಾಯರುಗಳು. ಮೇಲಿನದರಲ್ಲಿ ಬೀಗದ ಕೈಗಳು, ಕೆಳಗಿನದರಲ್ಲಿ ಹಳೆಯ ಡೆಲಿವರಿ ಚಲನ್‌ಗಳು. ನಡುವಿನದರಲ್ಲಿ ಬಿಸ್ಕತ್ತಿನದೊಂದು ತಗಡಿನ ಡಬ್ಬವಿದೆ. ಅದರ ತುಂಬ ಹಳೇ ಪಂಚೆ ಹರಿದು, ಅರಿಶಿನದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿದ ಎರಡು ಬೆರಳಗಲದ ಚೂರುಗಳು. ಹೊಸದಾಗಿ ಕೆಲಸಕ್ಕೆ ಸೇರಿದವರು ಪೆನ್ನು ಹುಡುಕುತ್ತಾ ಆ ಡ್ರಾಯರು ಎಳೆದರೆ, ಇದು ಯಾವ ದೇವರಿಗೆ ಮೇಡಮ್ ಅಂತ ಕೇಳುತ್ತಾರೆ. ದೇವರಿಗಲ್ಲ, ಅದು ಅಣ್ಣನ ಡಬ್ಬ ಅನ್ನುತ್ತೇನೆ. ಅಣ್ಣ ಯಾರು ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ಆದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಅವರಿಗೊಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ದಿನವೂ ಅದರ ಮುಂದೆ ಸಹಿ ಬೀಳುತ್ತಿತ್ತು. ಆದರೆ ಗೇಟಿನ ಕಾವಲುಗಾರನಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ. ಹೆಸರು ಅಚ್ಚಾಗುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಅವರು ತೀರಿಕೊಂಡು ಎಂಟು ತಿಂಗಳಾಯಿತು.

ನಮ್ಮದು ತಾಂಡವಪುರದ ಹತ್ತಿರ ಒಂದು ಸಣ್ಣ ಬಿಯರ್ ತಯಾರಿಕೆಯ ಶೆಡ್ಡು. ಬಾಟಲಿ ಕೆಲಸ ನಮಗಿಲ್ಲ. ಮಾಡಿದ ಬಿಯರನ್ನೆಲ್ಲ ಕೆಗ್‌ಗೆ, ಅಂದರೆ ಮೂವತ್ತು ಲೀಟರು, ಐವತ್ತು ಲೀಟರು ಹಿಡಿಯುವ ಸ್ಟೀಲಿನ ಪೀಪಾಯಿಗೆ ತುಂಬಿ ಮೈಸೂರಿನ ಪಬ್ಬುಗಳಿಗೆ ಕಳಿಸುತ್ತೇವೆ. ಖಾಲಿಯಾದ ಕೆಗ್ ತಿರುಗಿ ನಮ್ಮ ಹತ್ತಿರ ಬರುತ್ತದೆ, ತೊಳೆದು ಮತ್ತೆ ತುಂಬಬೇಕು. ತೊಳೆಯುವ ಕೋಣೆ ಅಣ್ಣನದು. ಅವರ ಜೊತೆಗೆ ಹೆಡತಲೆಯ ಮಹದೇವಮ್ಮ ಮತ್ತು ಇನ್ನಿಬ್ಬರು ಹೆಂಗಸರು. ಮಹದೇವಮ್ಮನ ಬಾಯಲ್ಲಿ ಕೆಗ್ ಅನ್ನುವ ಮಾತು ಇವತ್ತಿಗೂ ಬಂದಿಲ್ಲ. ಅವಳಿಗೆ ಅದು ಅಂಡೆ. ದೊಡ್ಡಂಡೆ, ಚಿಕ್ಕಂಡೆ. ಅಣ್ಣ ಒಂದು ದಿನವೂ ತಿದ್ದಲಿಲ್ಲ.

ಅಣ್ಣ ತಿ. ನರಸೀಪುರದ ಅಂಚಿನಲ್ಲಿದ್ದ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟು, ನಂಜನಗೂಡಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಬಿಳಿ ಕೂದಲು, ಮಡಚಿದ ತೋಳಿನ ಖಾಕಿ ಅಂಗಿ. ತೊಳೆಯುವ ಕೋಣೆಯ ಹೊಸಿಲಲ್ಲಿ ಚಪ್ಪಲಿ ಕಳಚಿ ರಬ್ಬರ್ ಬೂಟು ಹಾಕುವಾಗ ಗೋಡೆಗೆ ಕೈ ಕೊಡುತ್ತಿರಲಿಲ್ಲ, ಒಂಟಿ ಕಾಲಲ್ಲೇ ನಿಲ್ಲುತ್ತಿದ್ದರು. ಆ ವಯಸ್ಸಿನಲ್ಲೂ ನಿಲ್ಲಬಲ್ಲೆ ಅನ್ನುವುದನ್ನು ನಮಗೆ ತೋರಿಸುವುದಕ್ಕೋ ಏನೋ. ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. ಗಂಟೆ ಎಷ್ಟಾಯಿತು ಅಂತ ಕೇಳಿದರೆ, ಕೆಲಸ ಎಷ್ಟಾಯ್ತು ಅಂತ ಕೇಳವ್ವ, ಏಳ್ತೀನಿ ಅನ್ನುತ್ತಿದ್ದರು.

ಕೆಗ್ ತೊಳೆದ ಮೇಲೆ ಅದರ ಬಾಯಿಗೆ ಮೂಗು ಹಿಡಿದು, ಕಣ್ಣು ಮುಚ್ಚಿ, ಒಂದೇ ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಆಮೇಲೆ ಅಲ್ಲೇ ಉಸಿರು ಹಿಡಿದು ಗೋಡೆ ನೋಡುತ್ತಿದ್ದರು. ತಲೆ ಅಲ್ಲಾಡಿಸಿದರೆ ಕೆಗ್ ವಾಪಸು ತೊಟ್ಟಿಗೆ. ಬಿಯರಿನ ವಾಸನೆಯನ್ನು ಅಷ್ಟು ಬಲ್ಲ ಮನುಷ್ಯ ಒಂದು ತೊಟ್ಟೂ ಕುಡಿದವರಲ್ಲ. ಒಂದು ಸಲ ರುಚಿ ನೋಡಿ ಅಣ್ಣ ಅಂತ ಮಾಲೀಕರು ಲೋಟ ಹಿಡಿದುಕೊಂಡು ಬಂದರೆ, ನನ್ನ ಕೆಲಸ ಅಂಡೆವರೆಗೂವೆ ಸಾ, ಒಳಗಿರೋದು ನಿಮ್ಮದು ಅಂತ ನಕ್ಕುಬಿಟ್ಟಿದ್ದರು.

ಅವರದೊಂದು ಪದ್ಧತಿ ಇತ್ತು. ಕೆಗ್‌ನ ಒಳಗೆ ಅಂಟಿದ್ದು ಬಿಡಬೇಕಾದರೆ ಬಿಸಿ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ತೊಳೆಯಬೇಕು. ಆ ನೀರು ಚರ್ಮಕ್ಕೆ ತಗುಲಿದರೆ ಸುಡುತ್ತದೆ. ಕಾಸ್ಟಿಕ್ ಹಾಕಿದ ಕ್ಷಣಕ್ಕೆ ಅಣ್ಣ ಆ ಕೆಗ್‌ನ ಹಿಡಿಗೆ ಒದ್ದೆ ಬಾಳೆನಾರು ಕಟ್ಟುತ್ತಿದ್ದರು. ನಂಜನಗೂಡಿನ ಬಾಳೆಮಂಡಿಯಿಂದ ವಾರಕ್ಕೊಂದು ಕಟ್ಟು ನಾರು ಅವರ ಚೀಲದಲ್ಲಿ ಬರುತ್ತಿತ್ತು. ನಾರು ಇರುವ ಕೆಗ್ಗನ್ನು ಅವರ ಹೊರತು ಯಾರೂ ಮುಟ್ಟುವಂತಿಲ್ಲ. ಕಡೆಯ ಸಲ ಒಳ್ಳೆಯ ನೀರಿನಲ್ಲಿ ಜಾಲಿಸಿ, ಆ ನೀರನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಅದಕ್ಕೆ ಅರಿಶಿನದ ಬಟ್ಟೆ ಅದ್ದುತ್ತಿದ್ದರು. ಅರಿಶಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುವುದು ಆರತಿ ತಟ್ಟೆ ಹಿಡಿದ ಪ್ರತಿ ಹೆಂಗಸಿಗೂ ಗೊತ್ತು. ಕಾಸ್ಟಿಕ್‌ಗೂ ಹಾಗೇ. ಬಟ್ಟೆ ಕೆಂಪಾದರೆ ಒಳಗೆ ಇನ್ನೂ ಇದೆ ಅಂತ, ಹಳದಿಯಾಗಿ ಉಳಿದರೆ ನಾರು ಬಿಚ್ಚಬಹುದು ಅಂತ. ನನ್ನ ಹತ್ತಿರ ಲ್ಯಾಬಿನಿಂದ ತರಿಸಿದ ಪರೀಕ್ಷೆಯ ಕಾಗದದ ಪುಸ್ತಕಗಳಿದ್ದವು. ಕೊಡುತ್ತೇನೆ ಅಂದೆ. ಅದು ಮುಗ್ದೋದ್ ದಿನ ನೀನು ರಜದಲ್ಲಿರ್ತೀಯ, ಅರಿಸ್ನ ಯಾರ್ ಮನೇಲಿ ಮುಗೀತದೆ ಅಂದರು. ಆವತ್ತಿನಿಂದ ಪಂಚೆ ಹರಿದು ಅರಿಶಿನ ಹಾಕಿ ಕೊಡುವುದು ನನ್ನ ಮನೆಯ ಭಾನುವಾರದ ಕೆಲಸವಾಯಿತು.

ಅವರು ಮೇಲಿಂದ ಮೇಲೆ ಹೇಳುತ್ತಿದ್ದ ಮಾತು ಒಂದೇ. ಮಹದೇವಮ್ಮ ಒಂದು ಕೆಗ್ ಮುಗಿಸಿ ತೊಳ್ದಾಯ್ತು ಅಣ್ಣ ಅಂದರೆ, "ತೊಳ್ದಾಯ್ತಾ ಅಂತ ಯಾರ್ ಕೇಳುದ್ರು? ಬುಟ್ಟೋಯ್ತಾ ಅಂತ ಏಳು," ಅನ್ನುತ್ತಿದ್ದರು. ತೊಳೆಯುವುದು ನಮ್ಮ ಕೈಯ ಕೆಲಸ, ಅಂಟಿದ್ದು ಬಿಟ್ಟುಹೋಯಿತೇ ಅನ್ನುವುದು ಬೇರೆ ಪ್ರಶ್ನೆ ಅಂತ ಅದರ ಅರ್ಥ. ಮಹದೇವಮ್ಮ ಹಿಂದಿನಿಂದ ಅಣಕಿಸುತ್ತಿದ್ದಳು. ಆದರೆ ಲೋಟಕ್ಕೆ ನೀರು ಬಗ್ಗಿಸದೆ ಇರುತ್ತಿರಲಿಲ್ಲ.

ಹೀಗೆ ಕೈಯಲ್ಲಿ ತೊಳೆದುಕೊಂಡು ನಡೆಯುತ್ತಿದ್ದ ಕಾಲದಲ್ಲಿ ಮೈಸೂರಿನಿಂದ ತುಂಬಿದ ಕೆಗ್‌ಗಳು ವಾಪಸು ಬರುವುದಕ್ಕೆ ಶುರುವಾಯಿತು. ಬಿಯರು ಹುಳಿ ಅಂತ ದೂರು. ಮೊದಲು ಒಂದು, ಆಮೇಲೆ ಎರಡು, ಒಂದು ವಾರ ಐದು. ನಮ್ಮ ಅರ್ಧಕ್ಕರ್ಧ ಬಿಯರು ಒಂದೇ ಪಬ್ಬಿಗೆ ಹೋಗುತ್ತಿತ್ತು. ಇನ್ನೊಂದು ಸಲ ಹೀಗಾದರೆ ನಿಮ್ಮ ಸಹವಾಸ ಬೇಡ ಅಂತ ಅವರು ಕಡ್ಡಿ ಮುರಿದ ಹಾಗೆ ಹೇಳಿದರು. ಅವರು ಬಿಟ್ಟರೆ ನಮ್ಮ ಶೆಡ್ಡಿನ ಬಾಗಿಲು ಮುಚ್ಚಬೇಕು. ಹದಿನಾಲ್ಕು ಜನರ ಕೆಲಸ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅಣ್ಣ ಒಂದು ದಿನವೆಲ್ಲ ಕೂತು ವಾಪಸು ಬಂದ ಕೆಗ್‌ಗಳನ್ನು ಬಿಚ್ಚಿದರು. ಕೆಗ್‌ನ ಬಾಯಿಯಿಂದ ತಳದವರೆಗೆ ಒಂದು ಕೊಳವೆ ಇಳಿದಿರುತ್ತದೆ, ಬಿಯರು ಮೇಲೇರಿ ಬರುವುದು ಅದರಲ್ಲೇ. ಅದನ್ನು ಹೊರಗೆಳೆದು, ಒಳಗೆ ತಂತಿ ಹಾಕಿ ಕೆರೆದು, ತುದಿಗೆ ಬಂದ ಲೋಳೆಯನ್ನು ಮೂಸಿ ನೋಡಿ ಮಾಲೀಕರನ್ನು ಕರೆದರು. ಇದರೊಳಕ್ಕೆ ಯಾರ ಕೈಯೂ ಹೋಗುವುದಿಲ್ಲ, ನಮ್ಮ ಬ್ರಷ್ಷೂ ಹೋಗುವುದಿಲ್ಲ, ಒತ್ತಡದಲ್ಲಿ ನೀರು ಹಾಯಿಸುವ ಯಂತ್ರವೇ ಬೇಕು ಅಂದರು. ತಪ್ಪು ನನ್ನ ಕೋಣೆಯದು ಸಾ ಅಂತಲೂ ಸೇರಿಸಿದರು. ಯಾರಾದರೂ ಹಾಗೆ ಹೇಳಿದ್ದನ್ನು ನಾನು ನೌಕರಿಯಲ್ಲಿ ಕೇಳಿದ್ದು ಅದೇ ಮೊದಲು.

ಮಾಲೀಕರು ಮೈಸೂರಿನವರು, ಒಳ್ಳೆಯವರು, ಸ್ವಲ್ಪ ಆತುರ. ತೊಳೆಯುವುದಕ್ಕೆ, ತುಂಬುವುದಕ್ಕೆ ಎರಡಕ್ಕೂ ಯಂತ್ರ ತರಿಸೋಣ, ಆದರೆ ಕೊಳ್ಳುವುದು ಒಂದೇ ಸಲ, ತಪ್ಪಿದರೆ ತಿದ್ದಿಕೊಳ್ಳುವುದಕ್ಕೆ ಎರಡನೇ ಸಲ ಇಲ್ಲ ಅಂದರು. ಯಾವುದು ಅಂತ ನೋಡುವ ಕೆಲಸ ಅಣ್ಣನಿಗೂ ಅವರ ಮಾತು ಬರೆದುಕೊಳ್ಳುವ ಕೆಲಸ ನನಗೂ ಬಂತು. ಆದರೆ ಮಾಲೀಕರ ಮನಸ್ಸು ಆಗಲೇ ಒಂದು ಕಡೆ ವಾಲಿತ್ತು. ಯಾವುದೋ ಪ್ರದರ್ಶನದಲ್ಲಿ ನೋಡಿದ ದೊಡ್ಡ ಯಂತ್ರ, ಕನ್ನಡಿಯಂಥ ಪರದೆ, ಗಂಟೆಗೆ ಅರವತ್ತು ಕೆಗ್. ಅದರ ಚಿತ್ರದ ಪುಸ್ತಕ ಅವರ ಮೇಜಿನ ಮೇಲೇ ಇರುತ್ತಿತ್ತು.

ಅಣ್ಣ ಆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯವರೆಗೂ ನೋಡಿದರು. ಆಮೇಲೆ ಕೇಳಿದ್ದು, ಸುಗ್ಗಿಯ ದಿನ ನಮ್ಮಿಂದ ಎಷ್ಟು ಕೆಗ್ ಹೊರಡುತ್ತದೆ ಅಂತ. ನಲವತ್ತು ಅಂದೆ.

"ನಲವತ್ತು ಒಂದು ದಿನಕ್ಕೆ. ಇದು ಗಂಟೆಗೇ ಅರವತ್ತು ತೊಳೀತದೆ. ಮಿಕ್ಕ ವೊತ್ತು ಇದ್ಕೆ ಕೆಲ್ಸ ಬ್ಯಾಡ್ವಾ ಸಾ? ತಾಂಡವಪುರದೋರ್ ಮನೆ ಬಿಂದಿಗೆನೆಲ್ಲ ಇಸ್ಕೊಂಡು ಬರಾದಾ?"

ಮಾಲೀಕರು ನಕ್ಕರು, ಆದರೆ ಪುಸ್ತಕ ಮುಚ್ಚಲಿಲ್ಲ.

ಆ ತಿಂಗಳು ನನ್ನ ನೋಟ್‌ಬುಕ್ ತುಂಬ ಅಣ್ಣನ ಪ್ರಶ್ನೆಗಳು. ಕ್ಯಾಂಟೀನಿನ ಟೀ ಕೆಟಲ್ ತಂದು ಅದರ ತಳದ ಬಿಳಿ ಗಟ್ಟಿಯನ್ನು ಚಮಚದಲ್ಲಿ ಕೆರೆದು ಕಾಗದದಲ್ಲಿ ಕಟ್ಟಿಕೊಟ್ಟರು. ಇದು ನಮ್ಮ ಬೋರ್‌ವೆಲ್ಲಿನ ಜಾತಕ, ಯಂತ್ರದವರಿಗೆ ಕಳಿಸು, ಇಂಥ ನೀರಿಗೆ ಕಾಸ್ಟಿಕ್ ಒಂದೇ ಸಾಕಾ, ಆಮೇಲೆ ಆಸಿಡ್ಡಿನಲ್ಲೂ ತೊಳೆಯುವ ಅನುಕೂಲ ಇದೆಯಾ ಕೇಳು ಅಂದರು. ನಮ್ಮ ಎರಡು ಅಳತೆಯ ಕೆಗ್‌ಗೂ ಯಂತ್ರದ ಒಂದೇ ತಲೆ ಕೂರುತ್ತದಾ, ಇಲ್ಲ ಪ್ರತಿ ಸಲ ಸ್ಪ್ಯಾನರ್ ಹಿಡಿಯಬೇಕಾ? ಮಹದೇವಮ್ಮನ ಎತ್ತರಕ್ಕೆ ಕೆಗ್ ಎತ್ತಿ ಇಡಬಹುದಾ? ಈ ಕಡೆಯ ಪ್ರಶ್ನೆಗೆ ಒಂದು ಕಂಪನಿಯವರು ಉತ್ತರವನ್ನೇ ಕೊಡಲಿಲ್ಲ. ಅವಳ ಎತ್ತರ ಎಷ್ಟು ಅಂತ ಕೂಡ ಕೇಳಲಿಲ್ಲ ನೋಡು ಅಂತ ಅಣ್ಣ ಆ ಕಂಪನಿಯ ಹೆಸರಿನ ಮೇಲೆ ಗೆರೆ ಎಳೆಸಿದರು.

ರಬ್ಬರಿನ ವಿಷಯ ಬೇರೆಯೇ ಕತೆ. ಪ್ರತಿ ಯಂತ್ರದಲ್ಲೂ ಕೆಗ್‌ನ ಬಾಯಿ ಕೂರುವ ಜಾಗದಲ್ಲಿ ರಬ್ಬರಿನ ಬಳೆಗಳಿರುತ್ತವೆ. ಉಳಿದ ಎಲ್ಲ ಕಂಪನಿಗಳಿಂದಲೂ ಒಂದೊಂದು ಬಳೆ ತರಿಸಿದರು. ನನ್ನ ಮನೆಯಿಂದ ಉಪ್ಪಿನಕಾಯಿಯ ಖಾಲಿ ಜಾಡಿಗಳನ್ನು ತರಿಸಿ, ಕಾಸ್ಟಿಕ್ ನೀರು ಹಾಕಿ, ಒಂದೊಂದರಲ್ಲಿ ಒಂದೊಂದು ಬಳೆ ಮುಳುಗಿಸಿ, ಸ್ಟೋರ್ಸಿನ ಮೇಲಿನ ಕಪಾಟಿನಲ್ಲಿ ಎಂಟು ದಿನ ಇಟ್ಟರು. ಜಾಡಿಗಳಿಗೂ ನಾರು ಕಟ್ಟಿದ್ದರು. ಒಂಬತ್ತನೆಯ ದಿನ ತೆಗೆದಾಗ ಒಂದು ಬಳೆ ಉದ್ದಿನವಡೆಯ ಹಾಗೆ ಊದಿಕೊಂಡಿತ್ತು. ಆ ಕಂಪನಿಯ ಮೇಲೂ ಗೆರೆ ಬಿತ್ತು. ಜಾಡಿಗಳನ್ನು ನಾನು ಮನೆಗೆ ವಾಪಸು ಒಯ್ಯಲಿಲ್ಲ.

ಕೊನೆಗೆ ಎರಡು ಉಳಿದವು. ಒಂದು ಮಾಲೀಕರು ಮೆಚ್ಚಿದ ದೊಡ್ಡದು. ಇನ್ನೊಂದು ಪರದೆ ಗಿರದೆ ಏನೂ ಇಲ್ಲದ, ನಿಧಾನದ ಸಣ್ಣ ಯಂತ್ರ. ಎರಡನ್ನೂ ಬೆಂಗಳೂರಿನ ಅವರವರ ಶೆಡ್ಡಿಗೆ ಹೋಗಿ ನೋಡುವುದು ಅಂತ ಆಯಿತು. ಹೊರಡುವ ದಿನ ಅಣ್ಣ ನಮ್ಮ ಮೂರು ಕೆಗ್‌ಗಳನ್ನು ವ್ಯಾನಿಗೆ ಹತ್ತಿಸಿದರು. ಮೂರೂ ಹುಳಿ ಬಂದು ವಾಪಸಾದವು, ಬೇಕೆಂದೇ ತೊಳೆಯದೆ ಬಿಟ್ಟವು. ವಾಸನೆಗೆ ಮಾಲೀಕರು ಕಿಟಕಿ ಇಳಿಸಿ, ಅಲ್ಲಿ ಅವರ ಹತ್ತಿರವೇ ಕೆಗ್ ಇರುತ್ತಲ್ಲ ಅಣ್ಣ, ಮಾನ ಕಳೆಯುತ್ತೀರಲ್ಲ ಅಂದರು. ಅವರ ಹತ್ರ ಇರೋದು ತೊಳ್ದಿರೋ ಕೆಗ್ಗು ಸಾ, ತೊಳ್ದಿರೋದ್ನ ತೊಳ್ಯಕ್ಕೆ ಮಿಸನ್ ಯಾಕೆ ಅಂತ ಅಣ್ಣ ಮುಂದಿನ ಸೀಟಿನಿಂದ ತಿರುಗದೆ ಹೇಳಿದರು.

ದೊಡ್ಡ ಯಂತ್ರದ ಇಂಜಿನಿಯರು ಚುರುಕಾದ ಹುಡುಗ, ಮಾತಿನಲ್ಲಿ ಮರ್ಯಾದೆ ಇತ್ತು. ನಮ್ಮ ಮೊದಲ ಕೆಗ್ಗನ್ನು ತಲೆಕೆಳಗಾಗಿ ಯಂತ್ರದ ಮೇಲೆ ಕೂರಿಸಿ ಗುಂಡಿ ಒತ್ತಿದ. ಗಾಳಿ, ನೀರು, ಕಾಸ್ಟಿಕ್, ಮತ್ತೆ ನೀರು, ಹಬೆ. ಪರದೆಯ ಮೇಲೆ ಬಣ್ಣದ ಗೆರೆಗಳು ಓಡಿದವು, ಹಸಿರು ದೀಪ ಹತ್ತಿತು. ಅಣ್ಣ ಕೆಗ್ ಇಳಿಸಿ, ಕೊಳವೆ ಬಿಚ್ಚಿ, ಮೂಗು ಹಿಡಿದರು. ತಳದ ನೀರನ್ನು ಲೋಟಕ್ಕೆ ಬಗ್ಗಿಸಿ ಬಟ್ಟೆ ಅದ್ದಿದರು. ಹಳದಿ. ಕೊಳವೆಯ ಒಳಗೂ ಕನ್ನಡಿಯ ಹಾಗಿತ್ತು. ಚೆಂದಾಗ್ ತೊಳೀತದೆ ಸಾ ಅಂತ ಮನಸ್ಸು ಬಿಚ್ಚಿ ಹೇಳಿದರು. ಮಾಲೀಕರು ಗೆದ್ದವರ ಹಾಗೆ ನನ್ನ ಕಡೆ ನೋಡಿದರು.

ಎರಡನೆಯ ಕೆಗ್ ಹತ್ತಿತು. ಈ ಶೆಡ್ಡಿನ ಮೇನ್ ಸ್ವಿಚ್ಚು ಎಲ್ಲಿ ಸಾ ಅಂತ ಅಣ್ಣ ಕೇಳಿದರು. ಹುಡುಗ ಗೋಡೆ ತೋರಿಸಿದ. ಒಂದು ಸಲ ಆರಿಸಬಹುದಾ ಅಂತ ಅಣ್ಣ ಅಪ್ಪಣೆ ಕೇಳಿಯೇ, ಕಾಸ್ಟಿಕ್ ಒಳಗೆ ಹೋಗುತ್ತಿರುವ ಹೊತ್ತಿಗೆ ಸರಿಯಾಗಿ ಸ್ವಿಚ್ಚು ಕೆಳಗೆಳೆದರು. ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ಅನ್ನುವುದನ್ನು ಬೆಂಗಳೂರಿನ ಹುಡುಗನಿಗೆ ನಿಧಾನವಾಗಿ ವಿವರಿಸುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಸ್ವಿಚ್ಚು ಮೇಲಕ್ಕೆತ್ತಿದರು.

ಪರದೆ ಬೆಳಗಿತು. ಎಲ್ಲಿ ನಿಂತಿದ್ದೆ ಅನ್ನುವುದು ಯಂತ್ರಕ್ಕೆ ನೆನಪಿತ್ತು, ಅಲ್ಲಿಂದಲೇ ಮುಂದುವರಿಯಿತು. ನೋಡಿ, ಮೆಮೊರಿ ಇದೆ ಅಂತ ಹುಡುಗ ಹೆಮ್ಮೆಪಟ್ಟ. ಗೆಪ್ತಿ ಅದೆ ಅನ್ನಿ ಅಂದರು ಅಣ್ಣ. ಗೆರೆಗಳು ಓಡಿದವು, ಹಸಿರು ದೀಪ ಹತ್ತಿತು, ಕೆಗ್ ತುಂಬಲು ಸಿದ್ಧ ಅಂತ ಪರದೆ ಹೇಳಿತು. ಅಣ್ಣ ಕೈಗವಸು ಹಾಕಿಕೊಂಡು ಕೆಗ್ ಇಳಿಸಿ, ತಳದಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿದರು. ಮೊದಲು ಇನ್ನೊಂದು ಬಟ್ಟೆಯನ್ನು ಅಲ್ಲಿನ ನಲ್ಲಿ ನೀರಿಗೆ ಅದ್ದಿ ಎಲ್ಲರಿಗೂ ತೋರಿಸಿದರು, ಹಳದಿ. ಆಮೇಲೆ ಲೋಟಕ್ಕೆ ಅದ್ದಿದರು.

ಬಟ್ಟೆ ರಕ್ತದ ಹಾಗೆ ಕೆಂಪಾಯಿತು.

ಆದದ್ದು ಏನು ಅಂತ ಹುಡುಗನೇ ತಲೆ ಕೆರೆದುಕೊಂಡು ಹುಡುಕಿದ. ಆ ಯಂತ್ರದಲ್ಲಿ ನೀರಿನ ಕವಾಟ ತೆರೆಯುವುದು ಗಾಳಿಯ ಒತ್ತಡದಿಂದ. ಕರೆಂಟು ಬಂದ ಕೂಡಲೇ ಗಾಳಿಯ ಒತ್ತಡ ಇನ್ನೂ ಏರಿರಲಿಲ್ಲ, ಕವಾಟ ತೆರೆಯಲಿಲ್ಲ, ಜಾಲಿಸುವ ನೀರು ಬರಲೇ ಇಲ್ಲ. ಆದರೆ ಗಡಿಯಾರ ಓಡಿತು. ಇಷ್ಟು ಸೆಕೆಂಡು ಜಾಲಿಸಬೇಕು ಅಂತಿತ್ತು, ಅಷ್ಟು ಸೆಕೆಂಡು ಕಳೆಯಿತು, ಯಂತ್ರ ಮುಂದಕ್ಕೆ ಹೋಯಿತು. ಇದನ್ನು ಸೆಟ್ಟಿಂಗಿನಲ್ಲಿ ಸರಿ ಮಾಡಿಕೊಡುತ್ತೇವೆ ಅಂದ. ಮಾಲೀಕರೂ, ಹೌದು ಅಣ್ಣ, ಅದೊಂದು ಸಣ್ಣ ವಿಷಯ, ಜೊತೆಗೆ ನಾವು ಜನರೇಟರ್ ಹಾಕಿಕೊಳ್ಳೋಣ ಅಂದರು. ಅವರಿಗೆ ಆ ಯಂತ್ರದ ಮೇಲೆ ಆಸೆ ಹೋಗಿರಲಿಲ್ಲ.

ಅಣ್ಣ ಕೆಂಪು ಬಟ್ಟೆಯನ್ನು ಹಿಂಡದೆ ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತು, ಒಂದ್ ಮಾತು ಏಳ್ತೀನಿ ಸಾ, ಆಮ್ಯಾಕೆ ನಿಮ್ಮಿಷ್ಟ ಅಂತ ಶುರು ಮಾಡಿದರು.

ಅವರು ವಯಸ್ಸಿನಲ್ಲಿದ್ದಾಗ ತಿ. ನರಸೀಪುರದ ಕಡೆ ಒಬ್ಬರು ನಡೆಸುತ್ತಿದ್ದ ಹಾಲಿನ ಘಟಕದಲ್ಲಿ ಕ್ಯಾನು ತೊಳೆಯುವ ಕೆಲಸದಲ್ಲಿದ್ದರು. ಆ ಘಟಕ ಈಗಿಲ್ಲ. ಅಲ್ಲಿ ಹಾಲು ನೋಡುವವರು ಅಂತ ಒಬ್ಬರಿದ್ದರು. ತಲಕಾಡಿನ ಕಡೆಯವರು. ಊರೂರಿಂದ ಬಂದ ಪ್ರತಿ ಕ್ಯಾನಿನ ಹಾಲನ್ನೂ ಸಣ್ಣ ಸೌಟಿನಲ್ಲಿ ತೆಗೆದು, ಮೂಸಿ, ನಾಲಗೆಗೆ ಹಚ್ಚಿ, ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಅವರ ಕೆಲಸ. ಹಸು ಏನು ಮೇಯ್ದಿದೆ ಅಂತ ಕೂಡ ನಾಲಗೆಯಲ್ಲೇ ಹೇಳುತ್ತಿದ್ದರಂತೆ. ಒಂದು ಬೆಳಿಗ್ಗೆ ಅಣ್ಣ ಕ್ಯಾನುಗಳಿಗೆ ಕಾಸ್ಟಿಕ್ ಹಾಕಿದ ಹೊತ್ತಿಗೆ ಕರೆಂಟು ಹೋಯಿತು, ಪಂಪು ನಿಂತಿತು. ಟೀ ಕುಡಿಯಲು ಹೋದರು. ಕರೆಂಟು ಬಂದಾಗ ಓಡಿ ಬಂದು, ಈ ಸಾಲು ಆಗಿದೆ ಅಂದುಕೊಂಡು ಮುಂದಿನ ಸಾಲಿಗೆ ಕೈ ಹಾಕಿದರು. ಹಿಂದಿನ ಸಾಲಿನ ಕಡೆಯ ಒಂದು ಕ್ಯಾನು ಜಾಲಿಸಿರಲಿಲ್ಲ. ಅದಕ್ಕೇ ಹಾಲು ಬಿತ್ತು. ಹಾಲು ನೋಡುವವರು ಸೌಟು ಇಳಿಸಿ ನಾಲಗೆಗೆ ಹಚ್ಚಿದರು.

"ತಿಂಗಳುಗಟ್ಲೆ ಗಂಜಿ ಕುಡುದ್ರು ಸಾ. ನಾಲ್ಗೆ ವಾಸಿ ಆಯ್ತು. ರುಚಿ ಬರ್ನಿಲ್ಲ. ಉಪ್ಪು ಯಾವ್ದು ಸಕ್ರೆ ಯಾವ್ದು ಗೊತ್ತಾಗ್ನಿಲ್ಲ. ಗೇಟಲ್ಲಿ ಕ್ಯಾನ್ ಎಣ್ಸೋ ಕೆಲ್ಸಕ್ಕೆ ಆಕುದ್ರು. ಕ್ಯಾನು ಅಳೇದು, ಅದುಕ್ಕೇ ಅಂಗಾಯ್ತು ಅಂದ್ರು ಎಲ್ರೂವೆ. ನಾನೂ ಸುಮ್ಕಿದ್ದೆ. ಇವತ್ತಿನ್ ಗಂಟ ಯಾರ್ಗೂ ಏಳಿಲ್ಲ."

ಅಣ್ಣ ಯಂತ್ರದ ಕಡೆ ಕೈ ತೋರಿಸಿದರು.

"ನಾನು ಮಾಡಿದ್ನೇ ಇದೂ ಮಾಡ್ತು ನೋಡಿ. ಇದ್ಕೆ ಗೆಪ್ತಿ ಅದೆ ಸಾ, ನಾಲ್ಗೆ ಇಲ್ಲ. ನಂಗೂ ಅವತ್ತು ಗೆಪ್ತಿ ಇತ್ತು."

ಹುಡುಗ ಮೆಲ್ಲಗೆ, ಸರಿ ಮಾಡಿಕೊಡ್ತೀವಿ ಸರ್, ಖಂಡಿತ ಅಂದ. ಮಾಡಿ ಸಾ, ಮಾಡಿದ ಮೇಲೆ ಕರೀರಿ, ಬಂದು ಮತ್ತೆ ಆರುಸ್ತೀನಿ ಅಂತ ಅಣ್ಣ ಅವನ ಬೆನ್ನು ತಟ್ಟಿ ಎದ್ದರು. ಮೂರನೆಯ ಕೆಗ್ಗನ್ನು ಸಣ್ಣ ಯಂತ್ರಕ್ಕೆ ಅಂತ ಉಳಿಸಿಕೊಂಡಿದ್ದರು. ವ್ಯಾನಿನಲ್ಲಿ ಮಾಲೀಕರು ಚಿತ್ರದ ಪುಸ್ತಕವನ್ನು ಸೀಟಿನ ಕೆಳಗೆ ಹಾಕಿದರು.

ಸಣ್ಣ ಯಂತ್ರ ನೋಡುವುದಕ್ಕೆ ಹಿಟ್ಟಿನ ಗಿರಣಿಯ ಹಾಗಿತ್ತು. ತೊಳೆಯುವುದು ಒಂದು ಕಡೆ, ತುಂಬುವುದು ಪಕ್ಕದ ಇನ್ನೊಂದರಲ್ಲಿ. ಅಣ್ಣ ಅಲ್ಲಿಯೂ ಸ್ವಿಚ್ಚು ಆರಿಸಿ ಹಾಕಿದರು. ಯಂತ್ರ ಓಡಲಿಲ್ಲ. ಕೆಂಪು ದೀಪ ಹತ್ತಿಸಿಕೊಂಡು, ಕೆಗ್ಗನ್ನು ಹಿಡಿದುಕೊಂಡು ನಿಂತೇಬಿಟ್ಟಿತು. ಕೆಟ್ಟುಹೋಯಿತೇನೋ ಅಂದುಕೊಂಡೆ. ಅದು ಹಾಗೇ ಅಂತ ಅಲ್ಲಿನ ಮೇಸ್ತ್ರಿ ಹೇಳಿದರು. ಕೆಂಪು ಗುಂಡಿ ಒತ್ತಿದರೆ ಆ ಕೆಗ್ಗನ್ನು ಮೊದಲಿಂದ ತೊಳೆಯುತ್ತದೆ, ನಡುವಿನಿಂದ ಎತ್ತಿಕೊಳ್ಳುವುದಿಲ್ಲ. ಸಾಲದ್ದಕ್ಕೆ ಹೊರಗೆ ಬೀಳುವ ನೀರಿನ ದಾರಿಯಲ್ಲಿ ಒಂದು ಕಡ್ಡಿ ಇಟ್ಟಿದ್ದರು. ಆ ನೀರಿನಲ್ಲಿ ಕಾಸ್ಟಿಕ್ ಇದೆಯಾ ಇಲ್ಲವಾ ಅಂತ ಕಡ್ಡಿ ನೋಡುತ್ತದೆ, ಇಲ್ಲ ಅನ್ನುವವರೆಗೆ ಹಸಿರು ದೀಪ ಹತ್ತುವುದಿಲ್ಲ. ಅಣ್ಣ ಬಗ್ಗಿ ಆ ಕಡ್ಡಿಯನ್ನು ಬಹಳ ಹೊತ್ತು ನೋಡಿದರು. ಎದ್ದು ನಿಂತು ಮಾಲೀಕರಿಗೆ, "ನಾಲ್ಗೆ ಅದೆ ಸಾ," ಅಂದರು. ಗಂಟೆಗೆ ಹತ್ತೇ ಕೆಗ್. ಮಾಲೀಕರು ಅಲ್ಲೇ ಒಪ್ಪಿಗೆ ಕೊಟ್ಟರು.

ಯಂತ್ರ ಬಂತು, ಕೂತಿತು. ಮೊದಲ ವಾರವೇ ಅಣ್ಣನ ಕೈಯಿಂದ ಒಂದು ಎಡವಟ್ಟಾಯಿತು ಅನ್ನುವುದನ್ನೂ ಬರೆಯಬೇಕು. ಅಭ್ಯಾಸಬಲದಿಂದ ಯಂತ್ರದ ಮೇಲಿನ ಕೆಗ್‌ಗೂ ನಾರು ಕಟ್ಟಿದರು. ನಾರು ಜಾರಿ, ಕೆಗ್ಗನ್ನು ಅದುಮಿ ಹಿಡಿಯುವ ಹಿಡಿತದೊಳಗೆ ಸಿಕ್ಕಿ, ರಬ್ಬರಿನ ಬಳೆ ಹರಿದು, ಬಿಸಿನೀರು ಸೂರಿಗೆ ಚಿಮ್ಮಿತು. ಯಾರಿಗೂ ಏನೂ ಆಗಲಿಲ್ಲ. ಎಂಟು ದಿನ ಜಾಡೀಲಿ ಬದುಕಿದ್ದ ಬಳೇನ ನಾರಲ್ಲಿ ಕೊಂದ್ಯಲ್ಲ ಅಣ್ಣೋ ಅಂತ ಮಹದೇವಮ್ಮ ಬಿದ್ದು ಬಿದ್ದು ನಕ್ಕಳು. ಅಣ್ಣ ತಾವೇ ಹೊಸ ಬಳೆ ಕೂರಿಸಿ, ಯಂತ್ರಕ್ಕೆ ಒಂದು ಕೈ ಮುಗಿದು, ಆಮೇಲಿಂದ ನಾರನ್ನು ಯಂತ್ರದ ಪಕ್ಕದ ಮೊಳೆಗೆ ನೇತುಹಾಕುವುದು ಅಂತ ಮಾಡಿದರು. ಆಯುಧಪೂಜೆಯ ದಿನ ಅವಳು ಅರಿಶಿನದ ಬಟ್ಟಲು ಹಿಡಿದು ಬಂದಾಗ ಅಣ್ಣ ಅಡ್ಡ ನಿಂತರು. ಮೈಗೆಲ್ಲ ಎಷ್ಟಾದರೂ ಹಚ್ಚು, ನೀರು ಬೀಳುವ ಬಾಯಿಗೆ ಮಾತ್ರ ಬೇಡ, ನನ್ನ ಬಟ್ಟೆ ಸುಳ್ಳು ಹೇಳುತ್ತದೆ ಅಂದರು.

ಕೆಗ್ ವಾಪಸು ಬರುವುದು ನಿಂತಿತು. ಪಬ್ಬಿನವರು ಬೈಯುವುದಕ್ಕೆ ಫೋನ್ ಮಾಡುತ್ತಿದ್ದವರು ಹೆಚ್ಚಿಗೆ ಕಳಿಸಿ ಅನ್ನುವುದಕ್ಕೆ ಮಾಡತೊಡಗಿದರು. ಹದಿನಾಲ್ಕು ಜನ ಹದಿನೇಳಾದೆವು. ತೊಳೆಯುವ ಹೆಂಗಸರು ಯಾರೂ ಕೆಲಸ ಬಿಡಬೇಕಾಗಲಿಲ್ಲ. ಯಂತ್ರ ನಿಧಾನವಾದ್ದರಿಂದ ಅದರ ಹತ್ತಿರ ಜನ ಬೇಕೇ ಬೇಕಾಗಿತ್ತು. ಅಣ್ಣ ಅದನ್ನೂ ಲೆಕ್ಕ ಹಾಕಿಯೇ ಆರಿಸಿದ್ದರೋ ಏನೋ, ಕೇಳಿದರೆ ಬೂಟು ಕಳಚುವುದರಲ್ಲಿ ಮಗ್ನರಾಗುತ್ತಿದ್ದರು.

ಅಣ್ಣ ಅರ್ಧ ದಿನ ರಜ ಬರೆದುಕೊಟ್ಟದ್ದು ನನ್ನ ನೆನಪಿನಲ್ಲಿ ಒಂದೇ ಸಲ. ಯಂತ್ರ ಬಂದು ಮೂರು ತಿಂಗಳಾಗಿತ್ತು. ಕಾರಣದ ಜಾಗದಲ್ಲಿ ತಲಕಾಡು ಅಂತಷ್ಟೇ ಬರೆದಿದ್ದರು. ಮಾರನೆಯ ದಿನ ಲೋಟ ತೊಳೆಯುತ್ತಾ ನಿಂತಿದ್ದಾಗ ನಾನು ಏನೂ ಕೇಳಿರಲಿಲ್ಲ, ಅವರೇ ಹೇಳಿದರು.

"ಏಳ್ಬಂದೆ ಕಣವ್ವ."

ಹಾಲು ನೋಡುವವರು ಇನ್ನೂ ಇದ್ದಾರಾ, ಏನಂದರು ಅಂತ ಕೇಳಿದೆ. ಅಣ್ಣ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಪೂರಾ ಕೇಳುದ್ರು. ಸೊಸೆ ಕರ್ದು ಕಾಪಿ ತರ್ಸುದ್ರು. ಸಕ್ರೆ ಸರ್ಯಾಗದಾ ನೀನೇ ಕುಡ್ದು ಏಳ್ಲಾ, ನಂಗ್ ಗೊತ್ತಾಗಲ್ಲ ಅಂದ್ರು. ಕುಡ್ದೆ. ಸರ್ಯಾಗದೆ ಅಂದೆ. ಅಂಗಾರೆ ನಂಗೂ ಕೊಡು ಅಂದ್ರು."

ಅಷ್ಟು ಹೇಳಿ ಕೆಗ್‌ಗಳ ಕಡೆ ಹೋದರು. ಆವತ್ತಿನಿಂದ ತಿಂಗಳಿಗೊಂದು ಭಾನುವಾರ ಅವರು ತಲಕಾಡಿನ ಬಸ್ಸು ಹತ್ತುತ್ತಿದ್ದರು ಅಂತ, ಅಣ್ಣ ತೀರಿಕೊಂಡ ಮೇಲೆ ಅವರ ಮನೆಗೆ ಹೋದಾಗ ಅವರ ಮಗಳಿಂದ ತಿಳಿಯಿತು. ಅಣ್ಣ ಎರಡು ದಿನದ ಎದೆನೋವಿನಲ್ಲಿ ಹೋದರು. ನಡುಮನೆಯ ಬುದ್ಧನ ಪಟದ ಕೆಳಗೆ ಮೇಣದಬತ್ತಿ ಉರಿಯುತ್ತಿತ್ತು, ಖಾಕಿ ಅಂಗಿ ಗೂಟದಲ್ಲೇ ಇತ್ತು. ಅದರ ಜೇಬಿನಿಂದ ಹಳದಿ ಬಟ್ಟೆಯ ತುದಿ ಕಾಣುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಬಹಳ ವಯಸ್ಸಾದವರೊಬ್ಬರು ಕೂತಿದ್ದರು. ಕಾಫಿ ತಂದವರು ಅವರ ಮುಂದೆ ಲೋಟ ಹಿಡಿದಾಗ, ಅವರು ಅದನ್ನು ತೆಗೆದುಕೊಂಡು ಕುಡಿಯದೆ ಪಕ್ಕ ತಿರುಗಿ ನೋಡಿದರು. ಪಕ್ಕದ ಕುರ್ಚಿ ಖಾಲಿ ಇತ್ತು. ನಾನು ಹೋಗಿ ಅದರಲ್ಲಿ ಕೂತೆ. ಸಕ್ಕರೆ ಸರಿಯಾಗಿದೆ, ಕುಡೀರಿ ಅಂದೆ. ಯಾರು ಅಂತ ಕೇಳಲಿಲ್ಲ, ಕುಡಿದರು.

ಹೋದ ವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬಂದಾಗ ಯಂತ್ರ ಕೆಂಪು ದೀಪ ಹತ್ತಿಸಿಕೊಂಡು ನಿಂತಿತು. ಆವತ್ತು ಇಪ್ಪತ್ತು ಕೆಗ್ ಹೊರಡಬೇಕಿತ್ತು, ಲಾರಿ ಗೇಟಿನಲ್ಲಿತ್ತು. ಅಣ್ಣನ ಜಾಗಕ್ಕೆ ಬಂದ ಹೊಸ ಆಪರೇಟರು ನನ್ನ ಹತ್ತಿರ ಬಂದು, ಮುಕ್ಕಾಲು ಭಾಗ ತೊಳೆದಾಗಿದೆ ಮೇಡಮ್, ಮತ್ತೆ ಮೊದಲಿಂದ ಯಾಕೆ, ಕೆಗ್ ಇಳಿಸಿ ತುಂಬಿಬಿಡ್ತೀನಿ ಅಂದರು. ನಾನು ಬಾಯಿ ತೆಗೆಯುವ ಮೊದಲೇ ಮಹದೇವಮ್ಮ ಮೊಳೆಯಿಂದ ನಾರು ತೆಗೆದಳು, ನೀರಿಗೆ ಅದ್ದಿದಳು, ಹಿಡಿತಕ್ಕೆ ಸಿಕ್ಕದ ಹಾಗೆ ಕೆಗ್‌ನ ಹಿಡಿಗೆ ಗಂಟು ಹಾಕಿದಳು.

"ತೊಳ್ದಾಯ್ತಾ ಅಂತ ಯಾರ್ ಕೇಳುದ್ರು ಸಾ ನಿಮ್ಮನ್ನ?" ಅಂದಳು.

ಲಾರಿಯವರಿಗೆ ಕಾಯುವುದಕ್ಕೆ ಹೇಳಿ ಕಳಿಸಿದೆ. ಆಪರೇಟರು ಗುಂಡಿ ಒತ್ತಿದರು, ಯಂತ್ರ ಮೊದಲಿಂದ ಶುರುಮಾಡಿತು. ಹಸಿರು ದೀಪ ಹತ್ತಿತು. ಕಡ್ಡಿ ಇರುವಾಗ ಬಟ್ಟೆಯ ಅಗತ್ಯವೇನೂ ಇಲ್ಲ. ಆದರೂ ನಾನು ಸ್ಟೋರ್ಸಿಗೆ ಹೋಗಿ ನಡುವಿನ ಡ್ರಾಯರು ಎಳೆದೆ. ಮಹದೇವಮ್ಮ ಲೋಟ ಹಿಡಿದಳು, ಅವರು ಬಗ್ಗಿಸಿದರು, ನಾನು ಅದ್ದಿದೆ. ಮೂವರೂ ಬಗ್ಗಿ ನೋಡಿದೆವು.

ಹಳದಿ. ಮಹದೇವಮ್ಮ ನಾರು ಬಿಚ್ಚಿ ಮೊಳೆಗೆ ಹಾಕಿದಳು.